ಹದಿನಾಲ್ಕು ನಿಯಮಗಳ ಮಳೆಗಾಲ

ಕೊಳೆತ ಹಲಸಿನ ಕಡ್ಡಿಗೆ ಒಂದು ವಾಸನೆ ಇದೆ. ಹುಳಿ ಹೆಚ್ಚಾದ ದೋಸೆಹಿಟ್ಟನ್ನೂ ಒದ್ದೆ ಗೋಣಿಯನ್ನೂ ಒಟ್ಟಿಗೆ ಮೂಸಿದ ಹಾಗೆ. ಮೊನ್ನೆ ಬೆಳ್ತಂಗಡಿ ಸಂತೆಯಲ್ಲಿ ಗಿಡ ಮಾರುವವನೊಬ್ಬ ಒಂದು ಹಲಸಿನ ಕಸಿಗಿಡದ ತಲೆಗೆ ಕಟ್ಟಿದ್ದ ಪ್ಲಾಸ್ಟಿಕ್ ಚೀಲವನ್ನು, ನಮ್ಮ ಕಡೆಯ ಮಾತಿನಲ್ಲಿ ತೊಟ್ಟೆಯನ್ನು, ಎಳೆದು ನೋಡಿ, "ಛೆ, ಇದು ಹೋಯ್ತು" ಎಂದು ಗಿಡವನ್ನು ಚರಂಡಿಗೆ ಬಿಸಾಡಿದ. ಬಸಳೆ ಕೊಳ್ಳಲು ಹೋದವಳು ನಾನು ಅಲ್ಲೇ ನಿಂತುಬಿಟ್ಟೆ. ಏಳು ವರ್ಷದ ಹಿಂದಿನ ಒಂದು ಮಳೆಗಾಲ ಪೂರ್ತಿ ಆ ವಾಸನೆಯ ಜೊತೆ ಎದ್ದು ಬಂತು. ಬಂದದ್ದು ದುಃಖವಲ್ಲ, ಸಿಟ್ಟು. ಏಳು ವರ್ಷವಾದರೂ ಆರದ ಸಿಟ್ಟು. ಆರುವುದು ಬೇಡ ಎಂದು ನಾನೂ ಅದನ್ನು ಜೋಪಾನ ಮಾಡಿದ್ದೇನೆ.

ನನ್ನನ್ನು ಕಂಡರೆ ಈಗಲೂ ಕೆಲವರು, "ಪಾಪ, ಕೊನೇ ಗಳಿಗೆಯಲ್ಲಿ ಡಿಗ್ರಿ ಕೈ ತಪ್ಪಿತು" ಎನ್ನುತ್ತಾರೆ. ತಪ್ಪಿದ್ದಲ್ಲ ಮಾರಾಯ್ರೆ, ನಾನೇ ಬಿಟ್ಟದ್ದು. ಅದನ್ನು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಆಗ ನನಗೆ ಮೂವತ್ತಾರು. ಮನೆ ಅಳದಂಗಡಿ. ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಜೀವಶಾಸ್ತ್ರದ ಅತಿಥಿ ಉಪನ್ಯಾಸಕಿ. ಅತಿಥಿ ಎಂಬುದು ಹೆಸರಿಗೆ. ಹತ್ತು ವರ್ಷ ಒಂದೇ ಮನೆಯಲ್ಲಿ ಊಟ ಮಾಡಿದವಳನ್ನು ಯಾರಾದರೂ ಅತಿಥಿ ಎನ್ನುತ್ತಾರಾ? ಪ್ರತಿ ವರ್ಷ ಜೂನ್ ಬಂತೆಂದರೆ ಈ ಸಲ ಕರೆಯುತ್ತಾರೋ ಇಲ್ಲವೋ ಎಂದು ಎದೆ ಹೊಡೆದುಕೊಳ್ಳುತ್ತಿತ್ತು. ಪಿಎಚ್‌ಡಿ ಒಂದು ಕೈಗೆ ಬಂದರೆ ಕಾಯಂ ಮಾಡುತ್ತೇವೆ ಎಂದು ಆಡಳಿತದವರು ಮಾತು ಕೊಟ್ಟಿದ್ದರು. ನಾನು ನೋಂದಣಿ ಮಾಡಿಸಿ ಆರು ವರ್ಷ ಕಳೆದಿತ್ತು. ಕೊನೆಯ ವಿಸ್ತರಣೆಯೂ ಆ ಸೆಪ್ಟೆಂಬರಿಗೆ ಮುಗಿಯುತ್ತಿತ್ತು. ಪ್ರಬಂಧ ಅಷ್ಟರೊಳಗೆ ಸಲ್ಲಿಕೆಯಾಗಬೇಕು, ಇಲ್ಲದಿದ್ದರೆ ಇಲ್ಲ.

ನನ್ನ ವಿಷಯ ಕೇಳಿದರೆ ಮನೆಯವರೂ ನಗುತ್ತಿದ್ದರು. ಜೀವಶಾಸ್ತ್ರದಲ್ಲಿ ಸಿದ್ಧಾಂತ ಎನ್ನುತ್ತೇವಲ್ಲ, ಅದು ಯಾವುದರಿಂದ ಆಗಿದೆ? ಗೋಡೆ ಕಲ್ಲಿನದ್ದೋ ಮಣ್ಣಿನದ್ದೋ ಎಂದು ಕೇಳಿದ ಹಾಗೆ. "ಸಿದ್ಧಾಂತ ಯಾವುದರಿಂದಾದರೂ ಆಗಿರಲಿ, ನೀನು ಯಾವುದರಿಂದ ಆಗಿದ್ದಿ ಅಂತ ನನಗೆ ಗೊತ್ತಿಲ್ಲ" ಎಂದು ಅಮ್ಮ ಪಾತ್ರೆ ತೊಳೆಯುತ್ತಾ ಹೇಳುವುದಿತ್ತು.

ಹಳೆಯ ಒಂದು ಪಕ್ಷದವರ ಪ್ರಕಾರ ಸಿದ್ಧಾಂತವೆಂದರೆ ವಾಕ್ಯಗಳ ಒಂದು ಕಟ್ಟಡ. ತಳದಲ್ಲಿ ನಾಲ್ಕಾರು ಮೂಲ ನಿಯಮಗಳು. ಉಳಿದದ್ದನ್ನೆಲ್ಲ ಅದರಿಂದಲೇ ರೇಖಾಗಣಿತದ ಹಾಗೆ ತೆಗೆಯಬೇಕು. ಬೀಳುವ ಕಲ್ಲಿಗೆ, ತಿರುಗುವ ಗ್ರಹಕ್ಕೆ ಇದು ಚೆನ್ನಾಗಿ ಒಪ್ಪುತ್ತದೆ. ಜೀವಕ್ಕೆ ಬಂದಾಗ ಎಡವಟ್ಟು. ಬಟಾಣಿಯಲ್ಲಿ ಮೂರು ಎತ್ತರದ ಗಿಡಕ್ಕೆ ಒಂದು ಗಿಡ್ಡ ಗಿಡ ಎಂದು ನಿಯಮ ಬರೆಸಿ, ಮರುದಿನವೇ ಹಾಗೆ ಬಾರದ ಗಿಡಗಳ ಪಟ್ಟಿ ಬರೆಸಬೇಕು. ತರಗತಿಯಲ್ಲಿ ಒಬ್ಬಳು ಹುಡುಗಿ, "ಮೇಡಂ, ಇಷ್ಟು ಅಪವಾದ ಇದ್ರೆ ಅದನ್ನು ನಿಯಮ ಅಂತ ಯಾಕೆ ಹೇಳೋದು?" ಎಂದು ಕೇಳಿದ್ದಳು. ಆರು ವರ್ಷ ನಾನು ಆ ಪ್ರಶ್ನೆಯ ಹಿಂದೆಯೇ ಅಲೆದದ್ದು.

ಇನ್ನೊಂದು ಪಕ್ಷದವರು ಬೇರೆ ಹೇಳುತ್ತಾರೆ. ಸಿದ್ಧಾಂತ ವಾಕ್ಯಗಳಲ್ಲ, ಮಾದರಿಗಳ ಒಂದು ಕುಟುಂಬ. ಕಪ್ಪೆಗಳೂ ಹಾವುಗಳೂ ಬಿಟ್ಟು ಬೇರೆ ಯಾರೂ ಇಲ್ಲದ ಒಂದು ಗದ್ದೆಯನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳಿ. ಅಲ್ಲಿ ಕಪ್ಪೆ ಹೆಚ್ಚಾದರೆ ಹಾವು ಹೆಚ್ಚುತ್ತದೆ, ಹಾವು ಹೆಚ್ಚಾದರೆ ಕಪ್ಪೆ ಕಡಿಮೆಯಾಗುತ್ತದೆ. ಆ ಗದ್ದೆಯ ಮಟ್ಟಿಗೆ ಇದು ಸುಳ್ಳಾಗಲು ಸಾಧ್ಯವೇ ಇಲ್ಲ. ಆದರೆ ನಿಮ್ಮ ಮನೆಯೆದುರಿನ ಗದ್ದೆ ಅದರ ಹಾಗೆ ಇದೆಯೋ ಇಲ್ಲವೋ ಎಂಬುದನ್ನು ಗದ್ದೆಗೆ ಇಳಿದೇ ನೋಡಬೇಕು. ಕೊಕ್ಕರೆ ಬರುತ್ತದಾ, ಮದ್ದು ಹೊಡೆದಿದ್ದಾರಾ ಎಂದು ನೋಡಬೇಕು. ಹಾಗೆ ನೋಡಲು ಬರುವ ಕಣ್ಣೂ ಕೈಯೂ ಕೂಡ ಸಿದ್ಧಾಂತದ ಭಾಗವೇ ಎಂದು ಮೂರನೆಯವರು ಕೆಲವರು ಹೇಳುತ್ತಾರೆ. ನಾನು ಎರಡನೆಯ ಪಕ್ಷದಲ್ಲಿ ಕೂತು ಮೂರನೆಯದರ ಕಡೆ ಕಣ್ಣು ಹಾಕುತ್ತಿದ್ದವಳು.

ಮೇ ತಿಂಗಳ ಪರಿಶೀಲನೆಯಲ್ಲಿ ಸಮಿತಿಯವರು ನನ್ನ ಕರಡನ್ನು ತಿರುವಿ ಹಾಕಿ, "ಎಲ್ಲ ಸರಿ, ನಿಯಮಗಳು ಎಲ್ಲಿ? ವಿಜ್ಞಾನದ ಬಗ್ಗೆ ಬರೆದದ್ದು, ಒಂದು ನಿಯಮವೂ ಇಲ್ಲವಲ್ಲ" ಎಂದರು. ನನ್ನ ಮಾರ್ಗದರ್ಶಕ ವಾಮನ ಸರ್ ನನ್ನನ್ನು ಹೊರಗೆ ಕರೆದರು. ಅವರು ತತ್ತ್ವಶಾಸ್ತ್ರದ ಪ್ರಾಧ್ಯಾಪಕರು, ಸಾಧು ಮನುಷ್ಯ, ನಿವೃತ್ತಿಗೆ ಒಂದು ವರ್ಷವಿತ್ತು. "ಇಲ್ಲಿಯದೇ ಏನಾದರೊಂದು ಕೆಲಸ ಹಿಡಿ. ಯಾವುದಾದರೂ ಕಸಬಿನವರ ಹತ್ತಿರ ಹೋಗಿ ನಿಯಮ ಬರೆದುಕೊಂಡು ಬಾ. ಒಂದು ಅಧ್ಯಾಯ ಮಾಡು. ಅವರಿಗೂ ಸಮಾಧಾನ, ನಿನಗೂ ಡಿಗ್ರಿ" ಎಂದರು. ನಾನು ನಂಬದ್ದನ್ನು ನಾನೇ ಬರೆಯಲು ಒಪ್ಪಿದೆ. ನನ್ನ ಸಿಟ್ಟಿನಲ್ಲಿ ಅರ್ಧಪಾಲು ನನ್ನ ಮೇಲೆಯೇ ಇರುವುದು ಇದಕ್ಕಾಗಿ.

ಬಂಟ್ವಾಳದಲ್ಲಿ ನೇತ್ರಾವತಿಯ ದಂಡೆಗೆ ಹತ್ತಿರ ಅದ್ರಾಮಾಕನ ನರ್ಸರಿ ಇತ್ತು. ಪೂರ್ತಿ ಹೆಸರು ಅಬ್ದುಲ್ ರಹಿಮಾನ್. ಆ ಹೆಸರು ರೇಷನ್ ಕಾರ್ಡಿನಲ್ಲಿ ಮಾತ್ರ. ಅರವತ್ತೆಂಟು ವರ್ಷ, ನಲವತ್ತು ವರ್ಷದಿಂದ ಹಲಸು, ಗೇರು, ಮಾವಿನ ಕಸಿ ಕಟ್ಟಿದ ಕೈ. ಹಲಸಿನ ಬೀಜ ನೆಟ್ಟರೆ ತಾಯಿಮರದ ಹಾಗೆಯೇ ಹಣ್ಣು ಬರುತ್ತದೆಂಬ ಭರವಸೆ ಇಲ್ಲ. ಅದೇ ಹಣ್ಣು ಬೇಕಾದರೆ ಅದೇ ಮರದ ಕಡ್ಡಿ ತಂದು ಎಳೆಯ ಸಸಿಯ ಮೇಲೆ ಕಟ್ಟಬೇಕು. ಸಸಿಯ ತಲೆ ಕತ್ತರಿಸಿ, ಕಾಂಡವನ್ನು ಸೀಳಿ, ಕಡ್ಡಿಯ ಬುಡವನ್ನು ಬೆಣೆಯ ಹಾಗೆ ಕೆತ್ತಿ ಕೂರಿಸಿ, ಪ್ಲಾಸ್ಟಿಕ್ ಪಟ್ಟಿ ಸುತ್ತಿ, ಮೇಲಿನಿಂದ ಐಸ್‌ಕ್ಯಾಂಡಿಯ ತೊಟ್ಟೆಯನ್ನು ಟೋಪಿಯ ಹಾಗೆ ಇಳಿಸಿ ಕಟ್ಟುವುದು. ಅವರ ಬೆರಳಿನಲ್ಲಿ ಅದು ಬೀಡಿ ಸುತ್ತಿದಷ್ಟು ಸಲೀಸು.

ಜೂನ್ ಇಡೀ ಶನಿವಾರ ಭಾನುವಾರ ನಾನು ಅಲ್ಲಿ ಒಂದು ಸ್ಟೂಲ್ ಹಾಕಿ ಕುಳಿತೆ. ಅವರು ಕೆಲಸ ಮಾಡುವುದು, ನಾನು ಕೇಳುವುದು, ಬರೆಯುವುದು. ಕಡ್ಡಿ ಎಷ್ಟು ದಪ್ಪ? ಪೆನ್ಸಿಲಿನಷ್ಟು. ಎಲೆ ಯಾವಾಗ ತೆಗೆಯಬೇಕು? ಕಡ್ಡಿ ಕೊಯ್ಯುವ ಒಂದು ವಾರ ಮೊದಲು. ತೊಟ್ಟೆ ಯಾವಾಗ ತೆಗೆಯಬೇಕು? ಚಿಗುರು ಕಾಣುವವರೆಗೆ ತೆಗೆಯಬಾರದು. ಹೀಗೆ ಒಟ್ಟು ಹದಿನಾಲ್ಕು. ಚಂದದ ಕನ್ನಡದಲ್ಲಿ ಟೈಪ್ ಮಾಡಿಸಿ, ಅವರಿಗೆ ಒಂದೊಂದೇ ಓದಿ ಹೇಳಿದೆ. ಅವರು ಒಂದೊಂದಕ್ಕೂ ತಲೆಯಾಡಿಸಿದರು.

"ಎಲ್ಲ ಸರಿ ಉಂಟಾ ಅದ್ರಾಮಾಕ?"

"ಸರಿ ಉಂಟು ಟೀಚರೇ. ಒಂದೂ ಸುಳ್ಳಿಲ್ಲ."

"ಬಿಟ್ಟು ಹೋದದ್ದು?"

ಅವರು ಸ್ವಲ್ಪ ಯೋಚಿಸಿದರು. "ಎಂತ ಬಿಟ್ಟು ಹೋಗ್ಲಿಕ್ಕೆ? ನಾನು ಮಾಡುದನ್ನೇ ಅಲ್ವಾ ನೀವು ಬರ್ದದ್ದು" ಎಂದು ಚಾಕುವನ್ನು ಲುಂಗಿಗೆ ಒರೆಸಿ ಮುಂದಿನ ಸಸಿ ಎತ್ತಿಕೊಂಡರು.

ನಾಲ್ಕನೆಯ ಅಧ್ಯಾಯ ಮುಗಿಯಿತು. ವಾಮನ ಸರ್ ಓದಿ ಬೆನ್ನು ತಟ್ಟಿದರು. ನಾನೂ ಉಬ್ಬಿದೆ ಎಂದೇ ಹೇಳಬೇಕು. ನಿಯಮ ಇಲ್ಲ ಇಲ್ಲ ಎಂದು ಆರು ವರ್ಷ ಗಂಟಲು ಹರಿದುಕೊಂಡವಳು ಹದಿನಾಲ್ಕು ನಿಯಮ ಹೆತ್ತು ಸಂಭ್ರಮಪಟ್ಟೆ.

ಕುಸುಮಕ್ಕ ಬಂದದ್ದು ಆಗ. ಕಕ್ಕಿಂಜೆಯ ಒಂದು ಮಹಿಳಾ ಸಂಘದ ಮುಂದಾಳು, ನನಗೆ ದೂರದಿಂದ ಸಂಬಂಧ. ಮುಂಡಾಜೆಯಲ್ಲಿ ಅವರ ತವರುಮನೆಯ ಅಂಗಳಕ್ಕೆ ತಾಗಿ, ರಸ್ತೆ ಬದಿಗೆ, ಒಂದು ಬಕ್ಕೆ ಹಲಸಿನ ಮರವಿತ್ತು. ತೊಳೆ ಕೇಸರಿ ಬಣ್ಣ, ಕಚ್ಚಿದರೆ ಕಟುಂ ಎನ್ನುತ್ತಿತ್ತು. ರಸ್ತೆ ಅಗಲ ಮಾಡುವವರು ಬಂದು ಮರಕ್ಕೆ ನಂಬ್ರ ಬರೆದು, ಮಳೆ ಬಿಟ್ಟ ಮೇಲೆ ಕಡಿಯುತ್ತೇವೆ ಎಂದು ಹೋಗಿದ್ದರು. "ಮರ ಹೋಗ್ಲಿ ಮಾರಾಯ್ತಿ, ಅದು ತಪ್ಪುದಿಲ್ಲ. ಹಣ್ಣು ಹೋಗ್ಬಾರ್ದು. ನಾವು ಏಳು ಜನ ಸೇರಿ ಕಸಿ ಕಟ್ತೇವೆ. ನಿನ್ನ ಹತ್ರ ಏನೋ ಕಾಗದ ಉಂಟಂತಲ್ಲ?" ಎಂದರು. ನನಗೆ ಅಷ್ಟೇ ಸಾಕಿತ್ತು. ಹದಿನಾಲ್ಕು ನಿಯಮಗಳ ಒಂದು ಪ್ರತಿ ಕೊಟ್ಟೆ. ಅವರು ಅದಕ್ಕೆ ಲ್ಯಾಮಿನೇಷನ್ ಮಾಡಿಸಿ ಕಕ್ಕಿಂಜೆಯಲ್ಲಿ ಸಂಘದವರು ಸಸಿ ಇಡುವ ಶೆಡ್ಡಿನ ಕಂಬಕ್ಕೆ ತೂಗುಹಾಕಿದರು.

ಜುಲೈ ಮೊದಲ ವಾರ ನೂರ ಎಂಬತ್ತು ಕಸಿ ಕಟ್ಟಿದರು. ನಾನೂ ಒಂದು ದಿನ ಹೋಗಿ ನೋಡಿದೆ. ಅವರ ಶಿಸ್ತು ನೋಡಬೇಕಿತ್ತು. ಒಬ್ಬರು ನಿಯಮವನ್ನು ಗಟ್ಟಿಯಾಗಿ ಓದುವುದು, ಆರು ಜನ ಮಾಡುವುದು. ಕಡ್ಡಿಯ ದಪ್ಪ ಅಳೆಯಲು ನಿಜವಾಗಿಯೂ ಒಂದು ಪೆನ್ಸಿಲ್ ಇಟ್ಟುಕೊಂಡಿದ್ದರು. ಹದಿನಾಲ್ಕರಲ್ಲಿ ಒಂದನ್ನೂ ಮುರಿಯಲಿಲ್ಲ. ಮುಂಡಾಜೆಯ ಮರದಲ್ಲಿ ಕೈಗೆ ಎಟುಕುವ ಒಳ್ಳೆಯ ಕಡ್ಡಿ ಎಲ್ಲ ಅದಕ್ಕೇ ಖರ್ಚಾಯಿತು.

ಆಗಸ್ಟಿನಲ್ಲಿ ಕುಸುಮಕ್ಕನ ಫೋನ್ ಬಂತು. "ಒಮ್ಮೆ ಬಾ" ಎಂದಷ್ಟೇ ಹೇಳಿದರು. ಚಾರ್ಮಾಡಿ ಕಡೆಯ ಬಸ್ಸು ಹತ್ತಿ ಹೋದೆ. ಘಾಟಿಯ ಬುಡದ ಊರು ಕಕ್ಕಿಂಜೆ. ಎರಡು ವಾರದಿಂದ ಬಿಸಿಲು ಬಿದ್ದಿರಲಿಲ್ಲ, ಮಂಜು ಶೆಡ್ಡಿನೊಳಗೇ ಬಂದು ಕೂತಿತ್ತು. ಏಳು ಹೆಂಗಸರೂ ಸಾಲಾಗಿ ನಿಂತಿದ್ದರು. ಕುಸುಮಕ್ಕ ಒಂದು ತೊಟ್ಟೆ ಎಳೆದರು. ಕಡ್ಡಿ ಕಪ್ಪಾಗಿ, ಮುಟ್ಟಿದರೆ ಜಾರುವ ಹಾಗೆ ಕೊಳೆತಿತ್ತು. ಇನ್ನೊಂದು ಎಳೆದರು. ಮತ್ತೊಂದು. ಆ ವಾಸನೆ ನನಗೆ ಪರಿಚಯವಾದದ್ದು ಅಲ್ಲಿ. ನೂರ ಎಂಬತ್ತರಲ್ಲಿ ಒಂದೂ, ಒಂದೇ ಒಂದೂ ಬದುಕಿರಲಿಲ್ಲ.

"ಹನಿ ನೀರು ಒಳಗೆ ಇಳೀತಾ ಇತ್ತು, ನಾವು ನೋಡಿದ್ದೇವೆ" ಎಂದರು ಒಬ್ಬರು. "ತೆಗೀಬೇಕು ಅಂತ ಕೈ ಹೋಗ್ತಿತ್ತು. ಆದ್ರೆ ಕಾಗದದಲ್ಲಿ ತೆಗೆಯಬಾರದು ಅಂತ ಇತ್ತಲ್ಲ."

"ಕೈ ಹೋಗ್ತಿತ್ತು ಅಂದ್ರೆ ತೆಗೀಬೇಕಿತ್ತು! ನಿಮಗೆ ಅಷ್ಟೂ ಅಂದಾಜು ಆಗ್ಲಿಲ್ವಾ?" ಎಂದು ನಾನು ಏರುದನಿಯಲ್ಲಿ ಕೇಳಿದೆ. ಬಾಯಿಂದ ಬಿದ್ದ ಕೂಡಲೇ ನಾಚಿಕೆಯಾಯಿತು.

ಕುಸುಮಕ್ಕ ನನ್ನ ಮುಖ ನೋಡಿದರು. "ನೀನು ಅದನ್ನು ತುಳುವಲ್ಲಿ ಹೇಳಿದ್ರೆ ನಾವು ನಿನ್ನ ಹತ್ರ ಜಗಳ ಮಾಡ್ತಿದ್ದೆವು. ಹಾಗಲ್ಲ, ಹೀಗೆ ಅಂತ ಹೇಳ್ತಿದ್ದೆವು. ನೀನು ಕನ್ನಡದಲ್ಲಿ ಅಚ್ಚು ಹಾಕಿ ಕೊಟ್ಟಿ. ಆಫೀಸಿನ ಕಾಗದದ ಹತ್ರ ಯಾರಾದ್ರೂ ಜಗಳ ಮಾಡ್ತಾರಾ?"

ನಮ್ಮ ಕಡೆ ಅಡುಗೆ, ಗದ್ದೆ, ಜಗಳ, ಪ್ರೀತಿ ಎಲ್ಲ ತುಳು. ಕನ್ನಡ ಬರುವುದು ಶಾಲೆಯಿಂದ, ಪಂಚಾಯತಿನಿಂದ, ಬ್ಯಾಂಕಿನಿಂದ. ಅದು ಪ್ರಶ್ನೆ ಕೇಳುವ ಭಾಷೆಯಲ್ಲ, ಪಾಲಿಸುವ ಭಾಷೆ. ಅವರ ಕೈಗೆ ಗೊತ್ತಿದ್ದದ್ದನ್ನು ನನ್ನ ಹದಿನಾಲ್ಕು ವಾಕ್ಯಗಳು ಹೆದರಿಸಿ ಹಿಂದೆ ಕೂರಿಸಿದ್ದವು.

ಅಲ್ಲಿಂದ ನೇರ ಬಂಟ್ವಾಳಕ್ಕೆ ಹೋಗಿ ಅದ್ರಾಮಾಕನ ಮೇಲೆ ಹರಿಹಾಯ್ದೆ. ಅವರು ನನ್ನನ್ನು ಕುಳಿತುಕೊಳ್ಳಲು ಹೇಳಿ, ಚಾ ತರಿಸಿ, ಮಾತೆಲ್ಲ ಮುಗಿಯುವವರೆಗೆ ಕಾದರು. ಆಮೇಲೆ, "ನಾಳೆ ಹೋಗುವ. ನೋಡದೆ ಎಂತ ಹೇಳುದು?" ಎಂದರು. ಮಂಡಿನೋವಿನ ಮನುಷ್ಯ, ಮರುದಿನ ನನ್ನ ಜೊತೆ ಎರಡು ಬಸ್ಸು ಬದಲಿಸಿ ಕಕ್ಕಿಂಜೆಗೆ ಬಂದರು.

ಶೆಡ್ಡಿನಲ್ಲಿ ಅವರು ಮೊದಲು ಗಿಡವನ್ನು ಮುಟ್ಟಲೇ ಇಲ್ಲ. ಹೊರಗೆ ನಿಂತು ಗುಡ್ಡ ನೋಡಿದರು. ಸೂರ್ಯ ಯಾವ ಕಡೆಯಿಂದ ಬರುತ್ತಾನೆ, ಮಂಜು ಎಷ್ಟು ಹೊತ್ತಿಗೆ ಏಳುತ್ತದೆ ಎಂದು ಕುಸುಮಕ್ಕನನ್ನು ಕೇಳಿದರು. ಒಳಗೆ ಬಂದು ಸತ್ತ ಗಿಡದ ತೊಟ್ಟೆಗೆ ಬೆರಳಿನಿಂದ ಟಕ್ ಎಂದು ಹೊಡೆದರು. ಒಳಗಿನ ಹನಿಗಳು ಧಾರೆಯಾಗಿ ಇಳಿದವು. "ಹೀಗೆ ಇಳಿಯುದಾದ್ರೆ ಒಳಗೆ ತೇವ ಹೆಚ್ಚಾಯ್ತು ಅಂತ ಲೆಕ್ಕ. ಹನಿ ಅಂಟಿ ನಿಲ್ಬೇಕು" ಎಂದರು. ಆಮೇಲೆ ತೀರ್ಮಾನ ಹೇಳಿದರು: ಇನ್ನೊಮ್ಮೆ ಕಟ್ಟುವ, ಈ ಸಲ ತೊಟ್ಟೆಗೆ ಕೆಳಗೆ ಎರಡು ತೂತು ಮಾಡುವ, ಬೆಳಿಗ್ಗೆ ಮಂಜು ಎದ್ದ ಮೇಲೆ ಸ್ವಲ್ಪ ಹೊತ್ತು ತೆಗೆದು ಇಡುವ, ಸಾಲುಗಳನ್ನು ದೂರ ದೂರ ಮಾಡುವ.

"ಅದ್ರಾಮಾಕ, ಚಿಗುರು ಕಾಣುವವರೆಗೆ ತೊಟ್ಟೆ ತೆಗೆಯಬಾರದು ಅಂತ ನೀವೇ ಹೇಳಿದ್ದಲ್ವಾ?"

"ಹೌದು. ಅದು ಸರಿ ಉಂಟು."

"ಈಗ ತೆಗೆಯುವ ಅಂತ ಹೇಳ್ತೀರಿ."

"ಇದೂ ಸರಿ ಉಂಟು."

"ಹಾಗಾದ್ರೆ ಈ ಬೆರಳಿನಲ್ಲಿ ಹೊಡೆದು ನೋಡುವುದನ್ನು ಯಾಕೆ ಹೇಳಲಿಲ್ಲ? ನಾನು ಇಡೀ ತಿಂಗಳು ಕೇಳಿದ್ದೇನಲ್ಲ!"

ಅವರಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ನೀವು ಎಂತ ಮಾಡ್ತೀರಿ ಅಂತ ಕೇಳಿದ್ರಿ, ಹೇಳಿದೆ. ಎಂತ ನೋಡ್ತೀರಿ ಅಂತ ಕೇಳ್ಲಿಲ್ಲ. ಅದು ಕೆಲಸ ಅಂತ ನನಗೆ ಗೊತ್ತೇ ಇಲ್ಲ ಟೀಚರೇ. ದಿನಾ ಬೆಳಿಗ್ಗೆ ಹೀಗೆ ಹೊಡ್ಕೊಂಡು ಹೋಗ್ತೇನೆ ಅಷ್ಟೆ."

ನಾನು ಅಲ್ಲೇ ಒಂದು ಗೊಬ್ಬರದ ಚೀಲದ ಮೇಲೆ ಕುಳಿತುಬಿಟ್ಟೆ. ಆರು ವರ್ಷ ಪುಸ್ತಕದಲ್ಲಿ ಓದಿದ್ದು, ತಲೆಯಲ್ಲಿ ಒಪ್ಪಿದ್ದು, ಈಗ ಮೂಗಿಗೆ ಹೊಡೆದಿತ್ತು. ಹದಿನಾಲ್ಕೂ ಸತ್ಯ. ಒಂದಕ್ಕೊಂದು ವಿರೋಧವೂ ಇಲ್ಲ. ಅವು ಒಂದು ಜಾಗದ ಮಾದರಿ: ನದಿ ದಂಡೆ, ಎರಡು ಮಳೆಯ ನಡುವೆ ಚುರುಕು ಬಿಸಿಲು, ನಲವತ್ತು ವರ್ಷದ ಒಂದು ಬೆರಳು. ಕಕ್ಕಿಂಜೆ ಆ ಜಾಗದ ಹಾಗಿಲ್ಲ ಎಂದು ಗೊತ್ತಾಗುವುದು ಹದಿನೈದನೆಯ ವಾಕ್ಯದಿಂದಲ್ಲ. ಹದಿನೈದನೆಯದನ್ನು ಬರೆದರೂ ಅದನ್ನು ಯಾವಾಗ ಬಿಡಬೇಕೆಂದು ಹದಿನಾರನೆಯದು ಬೇಕು. ನೋಡಲು ಬರಬೇಕು, ಅಷ್ಟೆ. ಅದನ್ನು ಬಿಟ್ಟು ಉಳಿದದ್ದನ್ನು ಸಿದ್ಧಾಂತ ಎಂದು ಅಚ್ಚು ಹಾಕಿದರೆ ಗಿಡ ಸಾಯುತ್ತದೆ.

ಮುಂಡಾಜೆಯ ಮರದ ಮೇಲುಕೊಂಬೆಯಲ್ಲಿ ಉಳಿದಿದ್ದ ಕಡ್ಡಿಗಳನ್ನು ಒಬ್ಬನನ್ನು ಹತ್ತಿಸಿ ಇಳಿಸಿದರು. ಮೂವತ್ತು ಚಿಲ್ಲರೆ ಸಿಕ್ಕಿತು. ಲ್ಯಾಮಿನೇಷನ್ ಕಾಗದವನ್ನು ಕುಸುಮಕ್ಕ ಕಂಬದಿಂದ ಬಿಚ್ಚಿ ನೀರಿನ ಮಡಕೆಯ ಬಾಯಿಗೆ ಮುಚ್ಚಿದರು. ಈ ಸಲ ಏಳು ಜನವೂ ಅದ್ರಾಮಾಕನ ಹತ್ತಿರ ಬೇಕಾದಷ್ಟು ಜಗಳ ಮಾಡಿದರು. ಹೆಂಗಸರದ್ದು ತುಳು, ಅದ್ರಾಮಾಕನ ಉತ್ತರ ಅವರ ಮನೆಮಾತಾದ ಬ್ಯಾರಿಯ ರಾಗ ಬೆರೆತ ತುಳು. ಸೆಪ್ಟೆಂಬರ್ ಮೊದಲ ವಾರದ ಹೊತ್ತಿಗೆ ಹನ್ನೊಂದು ಚಿಗುರಿದವು.

ಅದೇ ವಾರ ಮೂಡುಬಿದಿರೆಯಲ್ಲಿ ನನ್ನ ಕೊನೆಯ ಪರಿಶೀಲನೆ. ಮಹಡಿಯ ಹಾಲ್, ಶೀಟಿನ ಮೇಲೆ ಮಳೆ ಬಡಿಯುವ ಸದ್ದಿಗೆ ಎಲ್ಲರೂ ಗಟ್ಟಿಯಾಗಿ ಮಾತಾಡಬೇಕಿತ್ತು. ಹೊರಗಿನಿಂದ ಒಬ್ಬರು ತಜ್ಞರು ಬಂದಿದ್ದರು, ಭೌತಶಾಸ್ತ್ರ ಓದಿ ಆಮೇಲೆ ತತ್ತ್ವಶಾಸ್ತ್ರಕ್ಕೆ ಬಂದವರು. ಕೆಟ್ಟ ಮನುಷ್ಯರಲ್ಲ. ಪ್ರಬಂಧವನ್ನು ಮೊದಲಿನಿಂದ ಕೊನೆಯವರೆಗೆ ಓದಿಕೊಂಡು ಬಂದಿದ್ದ ಒಬ್ಬರೇ ಒಬ್ಬರು ಅವರು.

"ನಾಲ್ಕನೆಯ ಅಧ್ಯಾಯ ಅಮೂಲ್ಯ" ಎಂದರು. "ನಲವತ್ತು ವರ್ಷದ ಅನುಭವವನ್ನು ಹದಿನಾಲ್ಕು ನಿಯಮಗಳಿಗೆ ಇಳಿಸಿದ್ದೀರಿ. ಇಡೀ ಪ್ರಬಂಧದಲ್ಲಿ ವಿಜ್ಞಾನ ಎನ್ನುವುದು ಇದೊಂದೇ. ಉಳಿದ ಮಾದರಿಗಿದರಿ ಮಾತನ್ನು ಕಡಿಮೆ ಮಾಡಿ, ಇದನ್ನು ಮುಂದೆ ತನ್ನಿ. ನಾನು ಇವತ್ತೇ ಸಹಿ ಹಾಕುತ್ತೇನೆ. ಈ ನಿಯಮಗಳನ್ನು ಪುಸ್ತಿಕೆ ಮಾಡಿ ಜಿಲ್ಲೆಯ ಎಲ್ಲ ನರ್ಸರಿಗಳಿಗೆ ಹಂಚಬಹುದು. ನಾನೇ ಶಿಫಾರಸು ಬರೆಯುತ್ತೇನೆ."

ವಾಮನ ಸರ್ ಮುಖ ಅರಳಿತು. ಸಮಿತಿಯ ಅಧ್ಯಕ್ಷರು ಪೆನ್ನಿನ ಮುಚ್ಚಳ ತೆಗೆದರು. ಹತ್ತು ವರ್ಷ ಕಾದದ್ದು ಮೇಜಿನ ಮೇಲೆ ಒಂದು ಗೇಣು ದೂರದಲ್ಲಿತ್ತು. ತಲೆ ಅಲ್ಲಾಡಿಸಿದ್ದರೆ ಮುಗಿಯುತ್ತಿತ್ತು.

"ಸರ್, ನಾಲ್ಕನೆಯ ಅಧ್ಯಾಯವನ್ನು ನಾನು ತೆಗೆಯುತ್ತೇನೆ. ಅದು ತಪ್ಪು" ಎಂದೆ.

"ಯಾವ ನಿಯಮ ತಪ್ಪು?"

"ಯಾವುದೂ ಅಲ್ಲ. ಹದಿನಾಲ್ಕೂ ಸತ್ಯ."

ಯಾರೋ ಹಿಂದಿನ ಸಾಲಿನಲ್ಲಿ ನಕ್ಕರು. ತಜ್ಞರು ನಗಲಿಲ್ಲ. "ಎಲ್ಲ ವಾಕ್ಯಗಳೂ ಸತ್ಯವಾಗಿದ್ದು ಅಧ್ಯಾಯ ತಪ್ಪಾಗುವುದು ಹೇಗಮ್ಮ? ತರ್ಕಕ್ಕೆ ನಿಲ್ಲುವುದಿಲ್ಲವಲ್ಲ."

"ತರ್ಕಕ್ಕೆ ನಿಲ್ಲದಿದ್ದರೂ ಗಿಡದಲ್ಲಿ ಹಾಗೇ ಆಯಿತು ಸರ್. ನೂರ ಎಂಬತ್ತು ಗಿಡ ಈ ಸತ್ಯವನ್ನು ಅಕ್ಷರಕ್ಕೆ ಅಕ್ಷರ ಪಾಲಿಸಿ ಸತ್ತವು."

ಕಕ್ಕಿಂಜೆಯದನ್ನೆಲ್ಲ ಹೇಳಿದೆ. ಅವರು ಶಾಂತವಾಗಿ ಕೇಳಿ, "ಹಾಗಾದರೆ ನಿಮ್ಮ ನಿಯಮಕ್ಕೆ ಷರತ್ತು ಸೇರಿಸಿ. ಇಷ್ಟು ಬಿಸಿಲು, ಇಷ್ಟು ತೇವ ಇದ್ದಲ್ಲಿ ಮಾತ್ರ ಎಂದು ಬರೆದರೆ ಆಯಿತು" ಎಂದರು.

"ಎಷ್ಟು ಷರತ್ತು ಸರ್? ಚಾರ್ಮಾಡಿಯ ಬುಡಕ್ಕೆ ಒಂದು, ಮುಂಡಾಜೆಗೆ ಒಂದು, ನಮ್ಮ ಅಳದಂಗಡಿಗೆ ಒಂದು? ಕೊನೆಗೆ ಒಂದೊಂದು ಶೆಡ್ಡಿಗೆ ಒಂದೊಂದು ನಿಯಮ ಆಗುತ್ತದೆ. ಅದನ್ನು ನೀವೇ ನಿಯಮ ಎನ್ನುವುದಿಲ್ಲ. ಜೀವಶಾಸ್ತ್ರಕ್ಕೆ ನಿಯಮ ಇಲ್ಲದಿದ್ದರೆ ಅದು ಬಡವಾಗುವುದಿಲ್ಲ. ಭೌತಶಾಸ್ತ್ರದ ಅಂಗಿಯನ್ನು ಅದಕ್ಕೆ ತೊಡಿಸಿ, ಅಳತೆ ಸರಿಯಿಲ್ಲ ಎಂದು ಮೈಯನ್ನು ಬೈಯುವುದು ನಿಲ್ಲಿಸಬೇಕು."

ಅಧ್ಯಕ್ಷರು ಪೆನ್ನಿಗೆ ಮುಚ್ಚಳ ಹಾಕಿದರು. ಹದಿನೈದು ದಿನದ ಒಳಗೆ ಸೂಚನೆಯಂತೆ ತಿದ್ದಿ ಸಲ್ಲಿಸಬೇಕು ಎಂದು ಬರೆದು ಎದ್ದರು.

ಆ ಹದಿನೈದು ದಿನ ಹೇಳದಿದ್ದವರಿಲ್ಲ. ಹಟ ಮಾಡಬೇಡ, ಮೊದಲು ಡಿಗ್ರಿ, ಆಮೇಲೆ ಬೇಕಾದ್ದು ಬರೆ ಎಂದರು ಸಹೋದ್ಯೋಗಿಗಳು. ವಾಮನ ಸರ್ ಮನೆಗೇ ಕರೆಸಿಕೊಂಡರು. "ಒಂದು ಅಧ್ಯಾಯ ತಾನೇ, ಇದ್ದ ಹಾಗೆ ಇಟ್ಟುಬಿಡು. ಪಿಎಚ್‌ಡಿ ಪ್ರಬಂಧವನ್ನು ಯಾರು ಓದುತ್ತಾರೆ ಹೇಳು?"

"ಕಕ್ಕಿಂಜೆಯಲ್ಲಿ ಓದಿದ್ದರು ಸರ್."

ನಾನು ತಂದಿದ್ದ ಪ್ರತಿಯನ್ನು ಮುಂದಿಟ್ಟೆ. ನಾಲ್ಕನೆಯ ಅಧ್ಯಾಯ ಅರ್ಧ ಪುಟಕ್ಕೆ ಇಳಿದಿತ್ತು. "ಈ ಅಧ್ಯಾಯದಲ್ಲಿ ಹಲಸಿನ ಕಸಿಯ ಹದಿನಾಲ್ಕು ನಿಯಮಗಳಿದ್ದವು. ಎಲ್ಲವೂ ಸತ್ಯ. ಅವುಗಳನ್ನು ನಂಬಿ ಕಟ್ಟಿದ ಗಿಡಗಳೆಲ್ಲ ಸತ್ತವು. ಆದ್ದರಿಂದ ತೆಗೆದಿದ್ದೇನೆ." ಕೆಳಗೆ ಅದ್ರಾಮಾಕನ ಹೆಸರು, ಏಳು ಹೆಂಗಸರ ಹೆಸರು. ವಾಮನ ಸರ್ ಅದನ್ನು ಎರಡು ಸಲ ಓದಿದರು.

"ಇದು ಪಾಸಾಗುವುದಿಲ್ಲ, ಗೊತ್ತುಂಟಲ್ಲ?"

"ಗೊತ್ತುಂಟು ಸರ್."

ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿ, ಮಾರ್ಗದರ್ಶಕರ ಪ್ರಮಾಣಪತ್ರಕ್ಕೆ ಸಹಿ ಮಾಡಿದರು. ಸಹಿ ಸ್ವಲ್ಪ ಸೊಟ್ಟ ಬಂದಿತ್ತು. ಅಂಜುಬುರುಕ ಎಂದು ಅವರನ್ನು ನಾನು ಮನಸ್ಸಿನಲ್ಲಿ ಎಷ್ಟೋ ಸಲ ಬೈದಿದ್ದೆ. ಅವತ್ತು ಅವರ ಕಾಲಿಗೆ ಬಿದ್ದೆ.

ಪರೀಕ್ಷಕರ ವರದಿ ಮರುವರ್ಷ ಜೂನ್ ಕೊನೆಗೆ ಬಂತು. ತಿರಸ್ಕಾರ. ಆ ಜೂನ್‌ನಲ್ಲಿ ಕಾಲೇಜಿನವರು ನನ್ನನ್ನು ಕರೆಯಲಿಲ್ಲ. ಕೋಪ ಬಂತು, ಅಳುವೂ ಬಂತು, ಎರಡನ್ನೂ ಅಡಗಿಸಲಿಲ್ಲ. ಅಮ್ಮ ಮಾತ್ರ, "ಅಂತೂ ನೀನು ಯಾವುದರಿಂದ ಆದದ್ದು ಅಂತ ಗೊತ್ತಾಯ್ತು" ಎಂದು ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದರು. ಈಗ ನಾನು ಬೆಳ್ತಂಗಡಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ನಿಯಮ ಎಂದು ಪುಸ್ತಕದಲ್ಲಿ ಬಂದಲ್ಲೆಲ್ಲ, ಇದು ಯಾವ ಗದ್ದೆಯ ಮಾತು ಎಂದು ಮಕ್ಕಳಿಂದ ಕೇಳಿಸುತ್ತೇನೆ. ಇನ್‌ಸ್ಪೆಕ್ಷನಿಗೆ ಬಂದವರು ಎರಡು ಸಲ ಆಕ್ಷೇಪ ಬರೆದಿದ್ದಾರೆ. ಬರೆಯಲಿ.

ವರದಿ ಕೈಗೆ ಬಂದ ದಿನ ನಾನು ಅದನ್ನು ಹಿಡಿದುಕೊಂಡು ಕಕ್ಕಿಂಜೆಗೆ ಹೋಗಿದ್ದೆ. ಯಾಕೆಂದು ಗೊತ್ತಿಲ್ಲ, ಬೇರೆ ಎಲ್ಲಿಗೂ ಹೋಗಬೇಕೆನಿಸಲಿಲ್ಲ. ಕುಸುಮಕ್ಕ ಹೊಸ ಸಸಿಗಳಿಗೆ ಮಣ್ಣು ತುಂಬುತ್ತಿದ್ದರು. ಕೈ ತೊಳೆಯದೆ, "ಓದು" ಎಂದರು. ಓದಿದೆ. ಕೊನೆಯ ಸಾಲು ಹೀಗಿತ್ತು: ನಾಲ್ಕನೆಯ ಅಧ್ಯಾಯದಲ್ಲಿ ಯಾವುದೇ ನಿಯಮಗಳು ಕಂಡುಬರುವುದಿಲ್ಲ.

"ಅಂದ್ರೆ ಫೇಲಾ?"

"ಫೇಲ್."

"ನಿನ್ನ ಕೆಲಸವೂ ಹೋಯ್ತಾ?"

"ಹೋಯ್ತು."

ಅವರ ಕಣ್ಣು ತುಂಬಿತು. ಆಮೇಲೆ ಕೇಳಿದರು: "ಆ ಹದಿನಾಲ್ಕರ ಕಾಗದ? ಅದನ್ನು ಅಚ್ಚು ಹಾಕಿ ಎಲ್ಲ ಕಡೆ ಹಂಚ್ತೇವೆ ಅಂತ ಹೇಳಿದ್ರಲ್ಲ?"

"ಅದು ಇನ್ನು ಎಲ್ಲಿಗೂ ಹೋಗುವುದಿಲ್ಲ ಕುಸುಮಕ್ಕ."

"ಇಲ್ಲದಿದ್ರೆ ಎಲ್ಲಿಯೋ ಇನ್ನೊಬ್ಬಳು ನಮ್ಮ ಹಾಗೆ ಅದನ್ನು ಕಂಬಕ್ಕೆ ಕಟ್ಟಿ, ಕಣ್ಣೆದುರು ಸಾಯುದನ್ನು ನೋಡ್ತಾ ಕೂರ್ತಿದ್ಲು" ಎಂದರು. ಸೆರಗಿನಿಂದ ಮುಖ ಒರೆಸಿಕೊಂಡು, ನನ್ನ ಕೈಯಿಂದ ವರದಿಯನ್ನು ತೆಗೆದು ಬದಿಗಿಟ್ಟು, ಸಸಿ ನೆಡುವ ಒಂದು ಖಾಲಿ ತೊಟ್ಟೆ ಕೊಟ್ಟರು. "ಕೂತುಕೋ. ಮಣ್ಣು ತುಂಬ್ಸುವ."